ಡಾಕ್ಟರ್ ಮೊದಲು ಕೇಳಿದ್ದು ಅಜ್ಜಿಯ ವಿಷಯ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಈ ಮಾತು ತೆಗೆದರೆ ನೀನು ಅಳುತ್ತೀಯ, ನಾನು ಬೇರೆ ಸುದ್ದಿ ಶುರು ಮಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

"ಮಾಂಸ ಮುಟ್ಟಲ್ಲ, ದಿನಾ ಸೊಪ್ಪು ತಿಂತೀಯ, ನಿನಗ್ಯಾಕಮ್ಮ ಕರುಳಿನ ಕ್ಯಾನ್ಸರ್?" ಅಂದೆಯಲ್ಲ. ಇಲ್ಲೂ ಎಲ್ಲರಿಗೂ ಅದೇ ಯೋಚನೆ. ನಿನ್ನ ಅತ್ತೆಗೆ ಮೈಕ್ರೊವೇವ್ ಮೇಲೆ ಅನುಮಾನ, ಎದುರು ಮನೆಯವರಿಗೆ ಉಪ್ಪಿನಕಾಯಿ ಮೇಲೆ.

ಡಾಕ್ಟರ್ ಮಾತ್ರ ಮೊದಲು ಕೇಳಿದ್ದು, "ನಿಮ್ಮ ತಾಯಿಗೆ ಏನಾಗಿತ್ತು?" ಅಂತ. ಗರ್ಭಕೋಶದ ಕ್ಯಾನ್ಸರ್, ಐವತ್ತೂ ತುಂಬಿರಲಿಲ್ಲ ಅಂದೆ. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ನನಗೂ 48 ಅಲ್ವಾ.

ಹೀಗೆ ಒಂದೇ ವಂಶದಲ್ಲಿ ಚಿಕ್ಕ ವಯಸ್ಸಿಗೇ ಕರುಳು, ಗರ್ಭಕೋಶದ ಕ್ಯಾನ್ಸರ್ ತರುವ, ತಂದೆ ತಾಯಿಯಿಂದ ಬರುವ ದೋಷಕ್ಕೆ ಲಿಂಚ್ ಸಿಂಡ್ರೋಮ್ ಅಂತಾರೆ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಒಬ್ಬ ಬಟ್ಟೆ ಹೊಲಿಯುವ ಹೆಂಗಸು, "ನಮ್ಮ ಮನೆಯವರೆಲ್ಲ ಹೋದ ಹಾಗೆ ನಾನೂ ಚಿಕ್ಕ ವಯಸ್ಸಿಗೇ ಹೋಗುತ್ತೇನೆ" ಅಂತ ವಾರ್ತಿನ್ ಎಂಬ ಡಾಕ್ಟರಿಗೆ ಹೇಳಿದ್ದಳಂತೆ. ಅವಳು ತೀರಿಕೊಂಡಿದ್ದೂ ಗರ್ಭಕೋಶದ ಕ್ಯಾನ್ಸರಿನಿಂದಲೇ. ವಾರ್ತಿನ್ ಆ ವಂಶದ ವಿವರ ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ಆ ಹೆಂಗಸಿನ ಮಾತು ಓದಿದಾಗ ನನಗೆ ನಿನ್ನ ಅಜ್ಜಿ ನೆನಪಾದಳು.

ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗುತ್ತೆ. ನಕಲಿನಲ್ಲಿ ಆದ ತಪ್ಪು ತಿದ್ದಲು ಕೆಲವು ಜೀನ್‌ಗಳಿವೆ. ನನ್ನಲ್ಲಿ ಅದರಲ್ಲೊಂದು, ಎಂಎಲ್‌ಎಚ್1, ಕೆಟ್ಟಿದೆ. ಸಾಮಾನ್ಯವಾಗಿ ಕರುಳಿನ ಒಳಗೋಡೆಯಲ್ಲಿ ಅಣಬೆಯ ಹಾಗೆ ಎದ್ದ ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷ ಬೇಕು. ನಮ್ಮಂಥವರಲ್ಲಿ ತಪ್ಪುಗಳು ತಿದ್ದದೆ ಕೂಡುತ್ತ ಹೋಗುವುದರಿಂದ ಎರಡು ಮೂರು ವರ್ಷ ಸಾಕಾಗಬಹುದು.

ಕರುಳಿನ ಕ್ಯಾನ್ಸರ್ ಬಂದ 100 ಜನರಲ್ಲಿ ಹೀಗೆ ಬರುವುದು ಸುಮಾರು 3 ಜನಕ್ಕೆ. ಉಳಿದವರಲ್ಲಿ ಹೆಚ್ಚಿನವರಿಗೆ ವಯಸ್ಸು, ಬೊಜ್ಜು, ಕುಡಿತ, ಸಿಗರೇಟು, ಸಕ್ಕರೆ ಕಾಯಿಲೆ, ಕೂತಲ್ಲೇ ಕೂರುವ ಕೆಲಸ, ಎಲ್ಲ ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತೆ. ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲಾಗದು. ನಿನ್ನ ಫ್ರಿಜ್ಜಿನ ಸಾಸೇಜ್, ಸಲಾಮಿ ಮಾತ್ರ ಸುಮ್ನೆ ಬಿಟ್ಟರೆ ಒಳ್ಳೆಯದು. ಅಂಥ ಸಂಸ್ಕರಿಸಿದ ಮಾಂಸದಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ.

ಈಗ ನಿನ್ನ ವಿಷಯ. ನನ್ನ ಈ ಕೆಟ್ಟ ಜೀನ್ ನಿನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಇಲ್ಲ ಅಂತ ಬಂದರೆ ಅಷ್ಟರಮಟ್ಟಿಗೆ ನಿನ್ನ ಅಪಾಯವೂ ಎಲ್ಲರಷ್ಟೇ. ಇದೆ ಅಂದರೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆ ಬಿಟ್ಟು ಕರುಳಿನ ಒಳಗೆ ನೋಡುವ ಪರೀಕ್ಷೆ. ಇದನ್ನು 20–25ಕ್ಕೇ ಶುರು ಮಾಡಬೇಕಂತೆ, ನಿನಗೆ ಆಗಲೇ 26. ಪಾಲಿಪ್ ಕಂಡರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಗರ್ಭಕೋಶದ ಬಗ್ಗೆಯೂ ಕೇಳು.

ಸ್ಕೋಪಿಗೆ ಹೆದರಬೇಡ. ಮಂಪರಿನಲ್ಲಿ ನನಗೆ ಏನೂ ತಿಳಿಯಲಿಲ್ಲ. ಹಿಂದಿನ ಸಂಜೆಯದೇ ಕಷ್ಟ. ಕರುಳು ಖಾಲಿಯಾಗಲು ಉಪ್ಪುಪ್ಪು ಪುಡಿ ಕಲಸಿದ ನೀರನ್ನು ಲೀಟರ್‌ಗಟ್ಟಲೆ ಕುಡಿಯಬೇಕು, ವಾಕರಿಕೆ ಬರುತ್ತೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕುಡಿ. ರಾತ್ರಿಯೆಲ್ಲ ಬಾತ್‌ರೂಮಿನಲ್ಲೇ ವಾಸ.

ಮತ್ತೆ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ಮುಲಾಮು ತಂದು ಹಚ್ಚಿಕೊಂಡು ಕೂರಬೇಡ. ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೂ ಅಷ್ಟೆ, ತೋರಿಸು.

ನನ್ನ ರಿಪೋರ್ಟ್ ವಾಟ್ಸಾಪ್ ಮಾಡಿದ್ದೇನೆ. ಜೀನ್ ಹೆಸರಿರುವ ಪುಟವನ್ನೇ ತೋರಿಸು. ಆಗ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಕಡಿಮೆ. ನಿನ್ನ ಅಣ್ಣ ಸೋಮವಾರ ರಕ್ತ ಕೊಡುತ್ತಾನಂತೆ.

ನಿನ್ನ
ಅಮ್ಮ