ಲೂಯಿಸ್ ದ್ವೀಪದ ಮಗ್ಗ, ನಮ್ಮ ಮನೆಯ ಕುಣಿ: ದೋಸ್ತನಿಗೊಂದು ಪತ್ರ

ಪ್ರೀತಿಯ ದೋಸ್ತಾ,

ನಾನು ಹಾಕಿದ ಸ್ಕಾಟ್ಲೆಂಡ್ ಪ್ರವಾಸದ ಫೋಟೋಗಳಿಗೆಲ್ಲ ಬರೀ ಹೆಬ್ಬೆಟ್ಟು ಒತ್ತಿ ಸುಮ್ಮನಾಗಿದ್ದೀಯ. ಉಳಿದವರು ಎಲ್ಲೆಲ್ಲಿ ಹೋದಿರಿ, ಏನೇನು ನೋಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಅವರಿಗೂ ಉತ್ತರ ಸಿಗಲಿ, ನಿನಗೂ ಪತ್ರ ಆಗಲಿ ಅಂತ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. ಬನಶಂಕರಿ ಜಾತ್ರೆಯ ಛತ್ರಿ ವಿಷಯ ಇಲ್ಲಿ ಎತ್ತಲ್ಲ, ಹೆದರಬೇಡ. ಆದರೆ ಗ್ಲೆನ್‌ಕೋದಲ್ಲಿ ಗಾಳಿಗೆ ಮಳೆ ಅಡ್ಡಡ್ಡ ಬಡಿಯುವಾಗ ನಿಮ್ಮ ವೈನಿಯೂ (ನನ್ನ ಹೆಂಡತಿ) ನಾನೂ ಒಟ್ಟಿಗೆ ನಿನ್ನ ಹೆಸರು ತೆಗೆದು ನಕ್ಕೆವು.

ಎಡಿನ್‌ಬರೋದಲ್ಲಿ ಕಾರು ಬಾಡಿಗೆಗೆ ಹಿಡಿದೆವು. ಓಡಿಸಿದ್ದು ಜಾಸ್ತಿ ಅವಳೇ. ಸ್ಟರ್ಲಿಂಗ್ ಕೋಟೆ ನೋಡಿಕೊಂಡು ಗ್ಲೆನ್‌ಕೋ ಕಣಿವೆಗೆ ಹೋದೆವು. ಎರಡೂ ಕಡೆ ಗುಡ್ಡ, ಗುಡ್ಡದ ಮೈಮೇಲೆ ಎಲ್ಲಿ ನೋಡಿದರೂ ನೀರು ಇಳಿಯುತ್ತಿತ್ತು. ಅಷ್ಟು ಚೆಂದದ ಜಾಗದಲ್ಲಿ ನಡೆದದ್ದು ಕೇಳಿದರೆ ಸಂಕಟವಾಗುತ್ತದೆ. 1692ರ ಫೆಬ್ರವರಿಯಲ್ಲಿ ಸರ್ಕಾರದ ಸೈನಿಕರು ಮೆಕ್‌ಡೊನಾಲ್ಡ್ ಮನೆತನದವರ ಮನೆಗಳಲ್ಲಿ ಸುಮಾರು ಎರಡು ವಾರ ಉಂಡು, ಮಲಗಿ, ಒಂದು ಬೆಳಗಿನ ಜಾವ ಎದ್ದು ಆ ಮನೆಯವರನ್ನೇ ಕೊಂದರು. ಸುಮಾರು 38 ಜನ ಸತ್ತರು. ತಪ್ಪಿಸಿಕೊಂಡು ಓಡಿದವರಲ್ಲಿ ಎಷ್ಟೋ ಜನ ಹಿಮದಲ್ಲಿ ಜೀವ ಬಿಟ್ಟರು. ಉಂಡ ಮನೆಯ ಜಂತಿ ಎಣಿಸಬಾರದು ಅಂತ ನಮ್ಮವ್ವ ಹೇಳುತ್ತಿದ್ದಳಲ್ಲ, ಅಲ್ಲಿ ನಿಂತಾಗ ಆ ಮಾತು ತಾನಾಗಿ ಬಾಯಿಗೆ ಬಂತು.

ಗ್ಲೆನ್‌ಫಿನ್ನನ್‌ನ 21 ಕಮಾನಿನ ರೈಲು ಸೇತುವೆ ಫೋಟೋದಲ್ಲಿ ನೋಡಿದ್ದೀಯ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಉಗಿಬಂಡಿ ಬರುವ ಹೊತ್ತಿಗೆ ಜನವೋ ಜನ. ಆದರೆ ಅದೇ ಊರಲ್ಲಿ 1745ರಲ್ಲಿ, ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ಬಾವುಟ ಏರಿಸಿ ದಂಗೆ ಶುರು ಮಾಡಿದ್ದು ಅಂತ ತಿಳಿದು ಕಿವಿ ನಿಮಿರಿತು. ಮರುವರ್ಷ ಕಲೋಡನ್ ಯುದ್ಧದಲ್ಲಿ ಅವನ ಕಡೆಯವರು ಸೋತರು. ಗೆದ್ದ ಸರ್ಕಾರ ಬಟ್ಟೆಯ ಮೇಲೆ ಕಾನೂನು ತಂದಿತು. ಗುಡ್ಡಗಾಡಿನ ಗಂಡಸರು ಲಂಗದಂಥ ಕಿಲ್ಟ್ ಉಡುವಂತಿಲ್ಲ, ಚೌಕುಳಿ ಬಟ್ಟೆಯ ಕೋಟು ತೊಡುವಂತಿಲ್ಲ. ಆ ಕಾನೂನು 1782ರವರೆಗೂ ಇತ್ತು. ಸೋತವರ ಮೈಮೇಲಿನ ಬಟ್ಟೆಗೂ ಸರ್ಕಾರ ಹೆದರುತ್ತದೆ ಅಂದರೆ ನೇಯ್ಗೆಯಲ್ಲಿ ಎಂಥ ಶಕ್ತಿ ಇರಬೇಕು, ನೋಡು.

ಅಲ್ಲಿಂದ ಸ್ಕೈ ದ್ವೀಪ. ದಾರಿಯಲ್ಲಿ ಐಲೀನ್ ಡೊನನ್ ಕೋಟೆ. 1719ರಲ್ಲಿ ಯುದ್ಧನೌಕೆಗಳು ಅದನ್ನು ಉಡಾಯಿಸಿದ್ದವಂತೆ. ಈಗ ನಾವು ನೋಡುವುದು 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಸ್ಕೈನ ಊಯಿಗ್ ಬಂದರಿನಲ್ಲಿ ಕಾರು ಸಮೇತ ಹಡಗು ಹತ್ತಿ ಹ್ಯಾರಿಸ್‌ನ ಟಾರ್ಬರ್ಟ್‌ನಲ್ಲಿ ಇಳಿದೆವು. ಹ್ಯಾರಿಸ್, ಲೂಯಿಸ್ ಅಂತ ಹೆಸರು ಎರಡು, ನೆಲ ಒಂದೇ. ಒಂದೇ ಕಾರು ಹಿಡಿಸುವ ರಸ್ತೆ, ಎದುರಿಗೆ ಕಾರು ಬಂದರೆ ಯಾರಾದರೊಬ್ಬರು ಬದಿಗೆ ನಿಂತು ಕೈ ಎತ್ತಿ ದಾರಿ ಬಿಡಬೇಕು. ಕುರಿಗಳು ಮಾತ್ರ ಯಾರಿಗೂ ದಾರಿ ಬಿಡುವುದಿಲ್ಲ.

ಲೂಯಿಸ್‌ನ ಕ್ಯಾಲನಿಷ್‌ನಲ್ಲಿ ನೀನು ಇರಬೇಕಿತ್ತು. ಸುಮಾರು 5000 ವರ್ಷದ ಹಿಂದೆ ನಿಲ್ಲಿಸಿದ ಕಲ್ಲುಗಳು. ನೈಸ್ (gneiss) ಅನ್ನುವ ಆ ಪಟ್ಟೆ ಶಿಲೆಯ ವಯಸ್ಸು 300 ಕೋಟಿ ವರ್ಷದ ಹತ್ತಿರವಂತೆ. ಬೂದು ಮೈಯಲ್ಲಿ ಬಿಳಿ ಪಟ್ಟೆಗಳು ಸುತ್ತಿ ಸುತ್ತಿ ಓಡುತ್ತವೆ. ಇಳಕಲ್‌ನ ಕೆಂಪು ಗ್ರಾನೈಟ್ ತಟ್ಟಿ ದನಿಯ ಮೇಲೆ ಒಳಗಿನ ಬಿರುಕು ಹೇಳುವವ ನೀನು. ಇಲ್ಲಿ ಅಷ್ಟು ಗಾಳಿಯಲ್ಲಿ ಏನು ಕೇಳಿಸಿಕೊಳ್ಳುತ್ತಿದ್ದೆಯೋ!

ಈಗ ಮಗ್ಗದ ವಿಷಯ. ಇದನ್ನು ಹೇಳಲಿಕ್ಕೇ ಪತ್ರ ಶುರು ಮಾಡಿದ್ದು.

ಲೂಯಿಸ್‌ನ ಪಶ್ಚಿಮ ದಂಡೆಯಲ್ಲಿ ಕಾರು ನಿಲ್ಲಿಸಿ ಇಳಿದಾಗ ಒಂದು ಸದ್ದು ಕೇಳಿತು. ನಿಮ್ಮ ವೈನಿಗಿಂತ ಮೊದಲು ನನಗೆ ಗೊತ್ತಾಯಿತು. ಮನೆಯ ಹಿಂದೆ ತಗಡಿನ ಶೆಡ್. ಒಳಗೆ ವಯಸ್ಸಾದ ನೇಕಾರ ಒಬ್ಬರೇ ಕೂತು ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆ ನೇಯುತ್ತಿದ್ದರು. ಬಾಗಿಲಲ್ಲಿ ನಿಂತದ್ದು ನೋಡಿ ಒಳಗೆ ಕರೆದರು. ಮಗ್ಗಕ್ಕೆ ಸೈಕಲ್ಲಿನ ಹಾಗೆ ಪೆಡಲ್. ಮೋಟಾರ್ ಇಲ್ಲ, ಇರುವಂತೆಯೂ ಇಲ್ಲ, ಕಾಲಿನ ಬಲದಿಂದಲೇ ನಡೆಯಬೇಕು. ಶೆಡ್ ತುಂಬ ಎಣ್ಣೆ ಹಚ್ಚಿದ ಉಣ್ಣೆಯ ವಾಸನೆ.

ಒಂದು ಎಳೆ ತುಂಡು ಮಾಡಿ ನನ್ನ ಅಂಗೈ ಮೇಲೆ ಇಟ್ಟರು. ದೂರದಿಂದ ಬರೀ ಹಸಿರು. ಕಿಟಕಿ ಬೆಳಕಿಗೆ ಹಿಡಿದು ಹುರಿ ಬಿಚ್ಚಿದರೆ ಅದರೊಳಗೆ ಹಳದಿ ಇದೆ, ನೀಲಿ ಇದೆ, ಇಟ್ಟಿಗೆ ಕೆಂಪು ಇದೆ, ಗುಡ್ಡದ ಹೂವಿನ ನೇರಳೆಯೂ ಇದೆ. ಇಲ್ಲಿ ನೂಲು ತೆಗೆದ ಮೇಲೆ ಬಣ್ಣ ಹಾಕುವುದಿಲ್ಲ. ಮೊದಲು ಉಣ್ಣೆಗೇ ಬೇರೆ ಬೇರೆ ಬಣ್ಣ ಹಾಕಿ, ಅವನ್ನೆಲ್ಲ ಬೆರೆಸಿ, ಆಮೇಲೆ ನೂಲುತ್ತಾರೆ. ಅದಕ್ಕೇ ಆ ಬಟ್ಟೆ ಬಿಸಿಲಲ್ಲಿ ಒಂದು ಥರ, ಮೋಡದಲ್ಲಿ ಇನ್ನೊಂದು ಥರ ಕಾಣುತ್ತದೆ.

ವೈನಿ ನೇರ ವಿಷಯಕ್ಕೇ ಬಂದಳು. ಕೂಲಿ ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ ಅಂತ ಕೇಳಿದಳು. ಅವರು ಬೇಜಾರಿಲ್ಲದೆ ವಿವರಿಸಿದರು. ಗಿರಣಿಯಿಂದ ಹಾಸು (ಉದ್ದದ ಎಳೆ) ಸುತ್ತಿದ ದಿಂಡು, ಹೊಕ್ಕಿನ (ಅಡ್ಡ ಎಳೆಯ) ನೂಲು ಎರಡೂ ವ್ಯಾನಿನಲ್ಲಿ ಮನೆಗೆ ಬರುತ್ತವೆ. ನೇಯ್ದ ಬಟ್ಟೆ ವಾಪಸ್ ಗಿರಣಿಗೆ ಹೋಗುತ್ತದೆ. ಅಲ್ಲಿ ಒಗೆದು, ಹದ ಮಾಡುತ್ತಾರೆ. ನೇಯ್ದ ಅಳತೆಗೆ ತಕ್ಕಂತೆ ದುಡ್ಡು. ಕೇಳುತ್ತ ಕೇಳುತ್ತ ನನಗೆ ನಮ್ಮ ಓಣಿಯೇ ಕಂಡಿತು. ಸಾಹುಕಾರರು ನೂಲು ಕೊಡುವುದು, ಅಪ್ಪ ಸೀರೆ ಒಯ್ದು ಕೊಡುವುದು, ಒಂದು ಸೀರೆಗೆ ಇಷ್ಟು ಅಂತ ಕೂಲಿ. ಪದ್ಧತಿ ಅದೇ.

ಬೇರೆ ಇರುವುದು ಕಾನೂನು. 1846ರ ಹೊತ್ತಿಗೆ ಹ್ಯಾರಿಸ್‌ನ ಜಮೀನ್ದಾರ ಮನೆತನದ ಲೇಡಿ ಡನ್‌ಮೋರ್ ಇಲ್ಲಿನ ಬಟ್ಟೆಯನ್ನು ಶ್ರೀಮಂತರಿಗೆ ಪರಿಚಯಿಸಿದಳು. ಬೇಡಿಕೆ ಬಂದಂತೆ ಹೊರಗಿನ ಗಿರಣಿಗಳ ನಕಲೂ ಬಂತು. ಅದನ್ನು ತಡೆಯಲು 20ನೇ ಶತಮಾನದ ಶುರುವಿನಲ್ಲೇ ಗೋಲ, ಅದರ ಮೇಲೊಂದು ಶಿಲುಬೆ ಇರುವ ಮುದ್ರೆ ನೋಂದಾಯಿಸಿದರು. 1993ರಲ್ಲಿ ಪಾರ್ಲಿಮೆಂಟಿನ ಕಾನೂನೇ ಆಯಿತು. ಉಣ್ಣೆಗೆ ಬಣ್ಣ ಹಾಕಿ ನೂಲುವುದು ಹ್ಯಾರಿಸ್, ಲೂಯಿಸ್ ಸೇರಿದ ಹೊರ ಹೆಬ್ರಿಡೀಸ್ ದ್ವೀಪಗಳಲ್ಲೇ ಆಗಬೇಕು, ದ್ವೀಪದವರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯಬೇಕು. ಹಾಗಿದ್ದರೆ ಮಾತ್ರ ಅದು ಹ್ಯಾರಿಸ್ ಟ್ವೀಡ್. ಪರೀಕ್ಷೆ ಮಾಡಿಯೇ ಮುದ್ರೆ ಒತ್ತುತ್ತಾರೆ.

ನಮ್ಮಲ್ಲೂ 1985ರಿಂದ ಕೈಮಗ್ಗಕ್ಕೆ ಮೀಸಲಾತಿ ಕಾಯ್ದೆ ಇದೆ. ಇಳಕಲ್ ಸೀರೆಗೆ ಜಿಐ (ಊರಿನ ಹೆಸರಿನ ಗುರುತು) ಮಾನ್ಯತೆಯೂ ಇದೆ. ಆದರೂ ಅಂಗಡಿಗೆ ಹೋಗಿ ನೋಡು. ಪವರ್‌ಲೂಮಿನ ಸೀರೆಯೂ ಇಳಕಲ್ ಸೀರೆಯೇ. ಅಪ್ಪ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದ. ಅಷ್ಟು ಕಣ್ಣು ಸವೆಸಿದ ಟೋಪ್ ತೆನಿ ವಿನ್ಯಾಸದ ಸೆರಗು, ಅಚ್ಚು ಹಾಕಿದಂತೆ ಬಂದ ಸೆರಗಿನ ಪಕ್ಕದಲ್ಲೇ, ಅದೇ ಹೆಸರು ಹೊತ್ತು ಮಾರಾಟಕ್ಕೆ ಕೂತಿರುತ್ತದೆ. ಕೊಳ್ಳುವವರು ಏನು ಮಾಡಬೇಕು, ಅವರಿಗೆ ಹೇಗೆ ಗೊತ್ತಾಗಬೇಕು? ಆ ಶೆಡ್ಡಿನಲ್ಲಿ ನಿಂತು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು ಕಣೋ. ಅಪ್ಪನ ಪರವಾಗಿ ಆಯಿತು.

ನಮ್ಮದೂ ನೇಕಾರರ ಮನೆ ಅಂದೆ. ಅವರು ತಕ್ಷಣ ಎದ್ದು ನಿಂತು, ಕೂರು ಅಂತ ಜಾಗ ತೋರಿಸಿದರು. ಕೂತೆ. ಪೆಡಲ್ ತುಳಿದೆ. ಹೊಕ್ಕು ಬಿತ್ತು, ಬಾಚಣಿಗೆಯಂಥ ಹಣಿಗೆ ಬಂದು ಬಡಿಯಿತು, ಬಟ್ಟೆ ಒಂದು ಕೂದಲಿನಷ್ಟು ಮುಂದೆ ಸರಿಯಿತು.

ದೋಸ್ತಾ, ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ಜೋಗುಳಕ್ಕಿಂತ ಮೊದಲು ಕೇಳಿದ್ದು ಲಾಳಿಯ ಸದ್ದು. ಆದರೆ ನನ್ನ ಕಾಲಿನಿಂದ ಮೊದಲ ಹೊಕ್ಕು ಬಿದ್ದದ್ದು ಲೂಯಿಸ್ ದ್ವೀಪದಲ್ಲಿ. ಅಪ್ಪ ನಮಗೆ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತಲು ಕೊಟ್ಟ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಮಾತ್ರ ಇಳಿಸಲಿಲ್ಲ. "ಇದರಾಗ ಒಮ್ಮೆ ಕಾಲ ಇಟ್ರ ಹೊರಗ ಬರಾಂಗಿಲ್ಲ, ಹೋಗು, ಓದು" ಅನ್ನುತ್ತಿದ್ದ. ನಾವು ಓದಿದೆವು, ಅವನು ಹೇಳಿದ ಹಾಗೆಯೇ ದೂರ ಬಂದೆವು. ಅವನಿಗೆ ತಾನು ಗೆದ್ದೆ ಅನ್ನಿಸಿರಬೇಕು. ಆ ಗೆಲುವು ನನಗೆ ಯಾಕೆ ಇಷ್ಟು ನೋಯುತ್ತಿದೆ ಅಂತ ಪೆಡಲ್ ಮೇಲೆ ಕಾಲಿಟ್ಟು ಕೂತಾಗಲೂ ತಿಳಿಯಲಿಲ್ಲ, ಈಗ ಬರೆಯುವಾಗಲೂ ತಿಳಿಯುತ್ತಿಲ್ಲ.

ಇನ್ನೊಂದು ಇದೆ. ನಾವು ಹೊರಡುವ ಮುಂಚೆ ಅಣ್ಣ ಫೋನ್ ಮಾಡಿದ್ದ. ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಮಗ್ಗ ಸುಮ್ನೆ ನಿಂತಿದೆ, ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದರೆ ಹುಡುಗರಿಗೆ ಒಂದು ಕೋಣೆ ಆಗುತ್ತದೆ ಅಂದ. ಅವನು ಹೇಳುವುದು ಸರಿ. ಆ ಮನೆಯಲ್ಲಿ ಬಾಳುವವರು ಅವರು. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೇನೆ. ನನಗೆ ಆ ಕುಣಿ ಇರಬೇಕು. ನಾನು ಅಲ್ಲಿ ಇರುವುದಿಲ್ಲ, ನೇಯುವುದಿಲ್ಲ, ಆದರೂ ಅದು ಹಾಗೇ ಇರಬೇಕು ಅಂತ ಮನಸ್ಸು ಹಟ ಹಿಡಿದಿದೆ. ಇದನ್ನು ಅಣ್ಣನಿಗೆ ಯಾವ ಬಾಯಲ್ಲಿ ಹೇಳಲಿ? ರಾತ್ರಿ ಸ್ಟಾರ್ನೊವೇಯಲ್ಲಿ ಊಟಕ್ಕೆ ಕೂತಾಗ ನಿಮ್ಮ ವೈನಿ ಕೇಳಿದಳು: "ಮಾವಾರು ಏನಂತಾರ? ಅವರನ್ನ ಯಾರಾದರೂ ಕೇಳಿದ್ರಾ?" ಇಷ್ಟು ಮಾತಾಡಿದರೂ ಆ ಪ್ರಶ್ನೆ ಅಣ್ಣನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಎಲ್ಲರೂ ಓದುತ್ತಿದ್ದಾರೆ, ಬೇರೆ ಮಾತಾಡೋಣ.

ವಾಪಸ್ ಬರುವಾಗ ನ್ಯೂ ಲ್ಯಾನಾರ್ಕ್ ನೋಡಿದೆವು. ಕ್ಲೈಡ್ ನದಿಯ ನೀರಿನ ಬಲದಿಂದ ನಡೆಯುತ್ತಿದ್ದ ಹತ್ತಿ ಗಿರಣಿಗಳು, ಈಗ ವಿಶ್ವ ಪರಂಪರೆಯ ತಾಣ. ಅಲ್ಲಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವನ್ ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ನಿಲ್ಲಿಸಿ, 1816ರಲ್ಲಿ ಕಾರ್ಮಿಕರ ಪುಟ್ಟ ಮಕ್ಕಳಿಗೂ ಶಾಲೆ ತೆರೆದ. ಶಾಲೆಗೆ ಹೋಗುವ ಮುಂಚೆ ಕಂಡಿಕೆ ಸುತ್ತಿ ಮುಗಿಸಬೇಕಿದ್ದ ನಮ್ಮ ಓಣಿಯ ಹುಡುಗರಿಗೆಲ್ಲ ಆ ಶಾಲೆ ತೋರಿಸಬೇಕು ಅನ್ನಿಸಿತು. ನೀನೊಬ್ಬನೇ ಕಂಡಿಕೆ ಇಲ್ಲದೆ ತಡವಾಗಿ ಬರುತ್ತಿದ್ದವ. ಮೇಷ್ಟ್ರಿಗೆ ಹೇಳಿದ ಕಾರಣ ನನಗಿನ್ನೂ ನೆನಪಿದೆ!

ನಿನಗೂ ಒಂದು ಟ್ವೀಡ್ ತುಂಡು ತಂದಿದ್ದೇನೆ, ಹಿಂದೆ ಮುದ್ರೆ ಇದೆ, ನೋಡಿಕೋ. ಜಾಕೀಟು ಹೊಲಿಸು, ಆದರೆ ದಯವಿಟ್ಟು ಏಪ್ರಿಲ್‌ನಲ್ಲಿ ಹಾಕಿಕೊಂಡು ಕ್ವಾರಿಗೆ ಹೋಗಬೇಡ. ಮುಂದಿನ ವಾರ ಊರಿಗೆ ಬರುವ ಪರಿಚಯದವರ ಕೈಯಲ್ಲಿ ಕಳಿಸುತ್ತೇನೆ. ಅವರು ಮರಳುವಾಗ ಅಮೀನಗಡದ ಕರದಂಟು ಕಟ್ಟಿ ಕೊಡು.

ಅದೇ ಗಂಟಿನಲ್ಲಿ ಅಪ್ಪನಿಗೂ ಒಂದು ತುಂಡು ಇರುತ್ತದೆ. ನೀನೇ ಕೈಯಾರೆ ಒಯ್ದು ಕೊಡು. ನಮಗಿಂತ ನಿನ್ನ ಜೊತೆ ಜಾಸ್ತಿ ಮಾತಾಡುತ್ತಾನೆ. ಕಣ್ಣು ಮಂಜಾದರೂ ಬೆರಳು ಇನ್ನೂ ಚುರುಕಾಗಿವೆ. ಅಂಚಿನ ಎಳೆ ಬಿಚ್ಚಿ, ಹುರಿ ಎಷ್ಟಿದೆ, ಹೊಕ್ಕು ಎಷ್ಟು ಒತ್ತಾಗಿದೆ ಅಂತ ನೋಡದೆ ಬಿಡುವುದಿಲ್ಲ. ನೋಡಲಿ, ಬೈಯಲಿ, ಹೊಗಳಲಿ, ಎಲ್ಲ ಮುಗಿಯಲಿ. ಆಮೇಲೆ ಕುಣಿ ವಿಷಯ ಕೇಳು. ಮೊದಲೇ ಕೇಳಬೇಡ. ಏನು ಹೇಳಿದರೂ ನನಗೆ ಹಾಗೇ ಹೇಳು, ನಡುವೆ ನಿನ್ನದೇನೂ ಸೇರಿಸಬೇಡ. ಅಲ್ಲಿಯವರೆಗೆ ಟೈಲ್ಸ್‌ನವರಿಗೆ ಮುಂಗಡ ಕೊಡಬೇಡ ಅಂತ ಅಣ್ಣನಿಗೆ ಇವತ್ತೇ ಫೋನ್ ಮಾಡಿ ಹೇಳುತ್ತೇನೆ.

ಇತಿ,
ಮೂರನೇ ಬೆಂಚಿನವ