ನನಗೆ ಕಾಣದ ನನ್ನ ಪಾದ

ಪುಟ್ಟಿ,

ಅಪ್ಪ ಫೋನಿನಲ್ಲಿ ನನ್ನ ಕಾಲು ಊದಿದ ಸುದ್ದಿಯನ್ನು ಅರ್ಧ ಮಾತ್ರ ಹೇಳಿ ನಿನ್ನನ್ನು ಗಾಬರಿಗೊಳಿಸಿದ್ದಾರೆ. ಉಳಿದರ್ಧ ನಾನೇ ಬರೆಯುತ್ತೇನೆ.

ಬೆನ್ನಿನ ಆಪರೇಷನ್ ಆಗಿ ಇಂದಿಗೆ 24 ದಿನ. ಬಗ್ಗಬಾರದು, ಸೊಂಟ ತಿರುಚಬಾರದು, ಭಾರ ಎತ್ತಬಾರದು. ಹೀಗಾಗಿ ನನ್ನ ಪಾದವನ್ನು ನಾನೇ ಸರಿಯಾಗಿ ನೋಡಿ ಮೂರು ವಾರವಾಯಿತು. ಊತ ತಿಳಿದದ್ದು ಕಾಲುಂಗುರದಿಂದ. ಸಂಜೆಯಾದರೆ ಬೆರಳು ಕಚ್ಚುತ್ತಿತ್ತು. ಅಪ್ಪ ಸೋಪು ಹಚ್ಚಿ ಬಿಚ್ಚಿದರು. ಹರಡಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಚಪಾತಿ ಹಿಟ್ಟಿನ ಮೇಲೆ ಬಿದ್ದಂತೆ ಗುಳಿ.

ಬೆಳಗಾಗುವಾಗ ಇಳಿದಿರುತ್ತಿತ್ತು, ಅದಕ್ಕೇ ಡಾಕ್ಟರಿಗೆ ಹೇಳುವುದು ಬೇಡವೆಂದು ನಾಲ್ಕು ದಿನ ತಳ್ಳಿದೆ. ಐದನೆಯ ದಿನ ಎಡಗಾಲು ಬಲಗಾಲಿಗಿಂತ ದಪ್ಪ ಕಂಡಿತು. ಪಕ್ಕದ ಮನೆಯ ಅಜ್ಜಿ ಎಳ್ಳೆಣ್ಣೆ ಬಿಸಿ ಮಾಡಿಕೊಂಡು ತಿಕ್ಕಲು ಬಂದೇಬಿಟ್ಟರು. ನೀನು ಹುಟ್ಟಿದಾಗ ನನಗೆ ಎಣ್ಣೆನೀರು ಹಾಕಿದ ಕೈ ಅದು, ಬೇಡವೆನ್ನಲು ನಾಲಿಗೆ ಏಳಲಿಲ್ಲ. ಅಪ್ಪನೇ ತಡೆದು ಡಾಕ್ಟರಿಗೆ ಫೋನು ಮಾಡಿದರು. ಒಂದೇ ಕಾಲು ಹೆಚ್ಚು ಊದಿದರೆ, ಮೀನಖಂಡ ನೋಯುತ್ತಿದ್ದರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದಂತೆ. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಕ್ಷಣವೂ ಕಾಯದೆ ಬನ್ನಿ ಎಂದರು. ಅದೇ ಸಂಜೆ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ಹೆಪ್ಪು ಇಲ್ಲ.

ಮತ್ತೆ ಊತ ಯಾಕೆಂದರೆ, ನಡೆದಾಗ ಮೀನಖಂಡವೇ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ನಾನೋ, ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಒಂದರ ಹಿಂದೆ ಒಂದು ಧಾರಾವಾಹಿ ನೋಡುತ್ತಿದ್ದೆ. ಮೊದಲಿನಿಂದಲೂ ನರ ಒತ್ತಿಹೋಗಿದ್ದ ಎಡಗಾಲಿಗೆ ಬಲ ಇನ್ನೂ ಕಡಿಮೆ. ಜೊತೆಗೆ ನರದ ನೋವಿನ ಪ್ರಿಗ್ಯಾಬಲಿನ್, ಬಿಪಿಯ ಆಮ್ಲೋಡಿಪಿನ್, ಎರಡಕ್ಕೂ ಕಾಲು ಊದಿಸುವ ಗುಣವಿದೆಯಂತೆ. ಹಾಗಾದರೆ ಬಿಟ್ಟೇಬಿಡುತ್ತೇನೆ ಎಂದೆ, ಬೈಸಿಕೊಂಡೆ. ಡಾಕ್ಟರೇ ಮಾತ್ರೆಯ ಪ್ರಮಾಣ ಬದಲಿಸಿದ್ದಾರೆ.

ಈಗ ಅಂಗಳದಲ್ಲಿ ದಿನಕ್ಕೆ ನಾಲ್ಕೈದು ಸಲ ನಡಿಗೆ. ಮಲಗಿದರೆ ದಿಂಬುಗಳ ಮೇಲೆ ಕಾಲು. ಗಂಟೆಗೊಮ್ಮೆ ಹೊಲಿಗೆ ಯಂತ್ರ ತುಳಿದಂತೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತೇನೆ, ಅದು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಪ್ಪು ಕಡಿಮೆ ಮಾಡಬೇಕೆಂದು ಅಪ್ಪೆಮಿಡಿಯ ಜಾಡಿ ಅಟ್ಟ ಸೇರಿದೆ. ಭಾರ ಎತ್ತಬಾರದವಳು ಅಲ್ಲಿಗೆ ಕೈ ಹಾಕಲಾರಳೆಂದು ನಿನ್ನ ಅಪ್ಪನಿಗೆ ಚೆನ್ನಾಗಿ ಗೊತ್ತು.

ಸಂಜೆ ಅವರು ನನ್ನ ಹೊಲಿಗೆಯ ಟೇಪು ಹಿಡಿದು ಎರಡೂ ಕಾಲನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಮೊನ್ನೆ ಎಡ ಬಲಕ್ಕೆ ಮುಕ್ಕಾಲು ಇಂಚು ವ್ಯತ್ಯಾಸವಿತ್ತು, ಇಂದು ಕಾಲು ಇಂಚು. ಕಾಲುಂಗುರ ಇನ್ನೂ ದೇವರ ಮುಂದಿನ ಬಟ್ಟಲಲ್ಲಿದೆ.

ನಿನ್ನ,
ಅಮ್ಮ