ರೆಟ್ರೊ ಹೋಟೆಲು ಮತ್ತು ನಮ್ಮ ಹಳೆಯ ದೋಸೆ ಹೋಟೆಲು

ಮಾನ್ಯ ಸಂಪಾದಕರೇ,

ಹೆದ್ದಾರಿಗಳ ಬದಿಯಲ್ಲಿ ಈಚಿನ ವರ್ಷಗಳಲ್ಲಿ 'ರೆಟ್ರೊ' ಶೈಲಿಯ ಹೋಟೆಲುಗಳು ಜನಪ್ರಿಯವಾಗುತ್ತಿವೆ. ಕಪ್ಪು-ಬಿಳುಪು ಚೌಕದ ನೆಲ, ಕೆಂಪು ರೆಕ್ಸಿನ್ ಆಸನ, ಗೋಡೆಗೆ ತೂಗುಹಾಕಿದ ಹಳೆಯ ರೇಡಿಯೊ, ತಗಡಿನ ಜಾಹೀರಾತು ಫಲಕ ಇವೆಲ್ಲವೂ ಅಮೆರಿಕದ ರಸ್ತೆಬದಿಯ ಸಣ್ಣ ಹೋಟೆಲುಗಳಾದ ಡೈನರ್‌ಗಳಿಂದ ಎರವಲು ತಂದವು. ಹುಡುಗರು ಅಲ್ಲಿ ಹೋಗಿ ಫೋಟೊ ತೆಗೆಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಡೈನರ್‌ಗಳ ಚರಿತ್ರೆಯನ್ನು ನೋಡಿದರೆ, ಅವುಗಳ ನಿಜವಾದ ಸರೀಕರು ದಾವಣಗೆರೆಯಲ್ಲಿ ಬಹಳ ಹಿಂದಿನಿಂದಲೂ ಇದ್ದಾರೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

1872ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಪತ್ರಿಕಾ ಕಚೇರಿಯ ಎದುರು ಕುದುರೆಗಾಡಿ ನಿಲ್ಲಿಸಿಕೊಂಡು ರಾತ್ರಿ ಹೊತ್ತು ತಿಂಡಿ, ಕಾಫಿ ಮಾರತೊಡಗಿದ. ಊರಿನ ಹೋಟೆಲುಗಳೆಲ್ಲ ಬೇಗನೆ ಬಾಗಿಲು ಹಾಕುತ್ತಿದ್ದ ಕಾಲವಾದ್ದರಿಂದ ರಾತ್ರಿ ಪಾಳಿಯವರಿಗೆ ಆ ಗಾಡಿಯೇ ಗತಿಯಾಯಿತು. (ಪತ್ರಿಕೆಯವರ ಹಸಿವಿನಿಂದ ಹುಟ್ಟಿದ ಉದ್ಯಮವೆಂಬುದು ತಮಗೂ ರುಚಿಸಬಹುದು.) ಮುಂದೆ ಗಾಡಿಯೊಳಗೇ ನಿಂತು, ಕುಳಿತು ತಿನ್ನುವ ವ್ಯವಸ್ಥೆ ಬಂತು, 20ನೇ ಶತಮಾನದ ಆರಂಭದ ದಶಕಗಳಲ್ಲಿ ಮ್ಯಾಸಚೂಸೆಟ್ಸ್, ನ್ಯೂಜೆರ್ಸಿಗಳ ಕಾರ್ಖಾನೆಗಳು ಇಡೀ ಹೋಟೆಲನ್ನೇ ಉದ್ದನೆಯ ಬೋಗಿಯಂತೆ ಕಟ್ಟಿ, ಬೇಕಾದ ಊರಿಗೆ ಸಾಗಿಸಿ ಕೂರಿಸುತ್ತಿದ್ದವು. ಡೈನರ್‌ಗಳೆಲ್ಲ ಹಳೆಯ ರೈಲು ಬೋಗಿಗಳು ಎಂದು ಹಲವರು ನಂಬಿದ್ದಾರಾದರೂ ಹೆಚ್ಚಿನವು ಹೀಗೆ ಹೊಸದಾಗಿಯೇ ತಯಾರಾದವು. 1956ರ ಹೆದ್ದಾರಿ ಕಾಯ್ದೆಯ ನಂತರ ಅಂತರರಾಜ್ಯ ಹೆದ್ದಾರಿಗಳು ಊರುಗಳ ಹೊರಗಿನಿಂದಲೇ ಹೋಗತೊಡಗಿದ್ದು, ಜೊತೆಗೆ ಫಾಸ್ಟ್ ಫುಡ್ ಸರಪಳಿಗಳು ಹರಡಿದ್ದು ಅವುಗಳಿಗೆ ದೊಡ್ಡ ಪೆಟ್ಟು ಕೊಟ್ಟವು. ಉಳಿದವುಗಳ ಬೆಲೆ ಅಲ್ಲಿನವರಿಗೆ ತಿಳಿದದ್ದೂ ಆಮೇಲೆಯೇ: 1978ರಲ್ಲಿ ಪಾಟಕೆಟ್ ಪಟ್ಟಣದ 'ಮಾಡರ್ನ್ ಡೈನರ್' ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆ ಪಟ್ಟಿಯಲ್ಲಿ ಜಾಗ ಪಡೆದ ಮೊದಲ ಡೈನರ್ ಅದು.

ಡೈನರ್‌ನ ಸೆಳೆತ ಅದರ ಹೊಳೆಯುವ ಉಕ್ಕಿನ ತಗಡಿನಲ್ಲಿತ್ತು ಎಂದು ನನಗನ್ನಿಸುವುದಿಲ್ಲ. ಅಡುಗೆ ಕಣ್ಣೆದುರೇ ಆಗುತ್ತಿತ್ತು, ಕೈಗೆಟಕುವ ದರವಿತ್ತು, ಒಂದೇ ಕಟ್ಟೆಯ ಮುಂದೆ ಲಾರಿ ಚಾಲಕನೂ ವಕೀಲನೂ ಪಕ್ಕಪಕ್ಕ ಕೂರುತ್ತಿದ್ದರು.

ಇವೆಲ್ಲವೂ ನಮ್ಮ ಹಳೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಇಂದಿಗೂ ಕಾಣುತ್ತವೆ. ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮನವರು 1928ರ ಸುಮಾರಿಗೆ ಇಲ್ಲಿನ ನಾಟಕ ಥಿಯೇಟರಿನ ಬಳಿ ರಾಗಿ ದೋಸೆ ಹಾಕಲಾರಂಭಿಸಿದರು, ಹತ್ತು ವರ್ಷದ ಬಳಿಕ ಅವರ ಮಕ್ಕಳ ಕೈಯಲ್ಲಿ ಅದು ಅಕ್ಕಿ-ಉದ್ದಿನ ಬೆಣ್ಣೆ ದೋಸೆಯಾಯಿತು ಎಂಬುದು ಊರಿನಲ್ಲಿ ಎಲ್ಲರೂ ಹೇಳುವ ವೃತ್ತಾಂತ. ದಾವಣಗೆರೆ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ದಿನಗಳಲ್ಲಿ ಹತ್ತಿ ಗಿರಣಿಗಳ ಕಾರ್ಮಿಕರು, ಮಾರುಕಟ್ಟೆಗೆ ಬಂದ ರೈತರು, ಪುಣೆ-ಬೆಂಗಳೂರು ರಸ್ತೆ ಊರೊಳಗೇ ಹಾದುಹೋಗುತ್ತಿದ್ದುದರಿಂದ ದಾರಿಹೋಕರು, ಎಲ್ಲರೂ ಇಂಥ ಹೋಟೆಲುಗಳ ಗಿರಾಕಿಗಳೇ. ಸೌದೆ ಒಲೆ ಉಳಿಸಿಕೊಂಡಿರುವ ಹೋಟೆಲೊಂದರಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು: ದೋಸೆ ಹಾಕುವವರು ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟನ್ನು ಸಾಲಾಗಿ ಹುಯ್ದು, ಕಾವು ಹೆಚ್ಚಾಯಿತೆನಿಸಿದರೆ ಕೊಳ್ಳಿಯನ್ನು ಒಲೆಯ ಬಾಯಿಗೆ ಎಳೆದು, ಬೆಣ್ಣೆ ಹಾಕುತ್ತಾರೆ. ಅಳತೆಯೂ ಇಲ್ಲ, ಗಡಿಯಾರವೂ ಇಲ್ಲ. ಅರಿಸಿನ ಕಾಣದ ಬಿಳಿಯ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕೊಬ್ಬರಿ ಚಟ್ನಿ ಜೊತೆಗೆ ಬರುತ್ತವೆ. ಬೆಂಗಳೂರಿನಲ್ಲಿ 'ದಾವಣಗೆರೆ' ಎಂಬ ಫಲಕ ಹಾಕಿಕೊಂಡ ಹೋಟೆಲುಗಳಿಗೆ ಕೊರತೆಯಿಲ್ಲ. ಆದರೆ ಈ ಕೈಚಳಕ ಫಲಕದ ಜೊತೆಗೆ ಹೋಗುವಂಥದ್ದಲ್ಲ.

ಅಲ್ಲಿನ ಡೈನರ್‌ಗಳಿಗೆ ಒಂದು ಅನುಕೂಲವಿತ್ತು. ಜಾಗ ಹೋದರೆ ಇಡೀ ಹೋಟೆಲನ್ನೇ ಎತ್ತಿ ಬೇರೆಡೆ ಇಡಬಹುದಿತ್ತು. ನಮ್ಮಲ್ಲಿ ರಸ್ತೆ ಅಗಲೀಕರಣಕ್ಕೆಂದು ಗೋಡೆ ಬಿದ್ದರೆ ಒಲೆ, ಹೊಗೆಗೂಡು, ಕಲ್ಲಿನ ಬೆಂಚು ಎಲ್ಲವೂ ಒಟ್ಟಿಗೇ ಹೋಗುತ್ತವೆ. ಮಾಲೀಕರು ಬಾಡಿಗೆದಾರರಾಗಿದ್ದರೆ ಅದೇ ಆಸುಪಾಸಿನಲ್ಲಿ ಮತ್ತೆ ತೆರೆಯುವುದೂ ಕಷ್ಟ. ವಾಹನ ದಟ್ಟಣೆಯಿರುವ ನಗರದಲ್ಲಿ ರಸ್ತೆ ಅಗಲವಾಗಬಾರದೆಂದು ನಾನು ಹೇಳುತ್ತಿಲ್ಲ. 2016ರಲ್ಲೇ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲಿ ಸ್ಥಾನ ಪಡೆದ ಊರು ತನ್ನನ್ನು ಹೆಸರುವಾಸಿ ಮಾಡಿದ ಹೋಟೆಲುಗಳಲ್ಲಿ ಯಾವುದು ಎಷ್ಟು ಹಳೆಯದು, ಯಾರು ಕಟ್ಟಿದ್ದು ಎಂಬುದನ್ನಾದರೂ ಬರೆದಿಡಬೇಕು ಎಂಬುದಷ್ಟೇ ನನ್ನ ಒತ್ತಾಯ. ಚೆನ್ನಮ್ಮನವರ ವೃತ್ತಾಂತವೂ ಇಲ್ಲಿಯತನಕ ಬಹುಪಾಲು ಬಾಯಿಮಾತಿನಲ್ಲೇ ಉಳಿದಿದೆ.

ಮಹಾನಗರ ಪಾಲಿಕೆ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ಇಂಥ ಹೋಟೆಲುಗಳ ಪಟ್ಟಿ ಮಾಡಲಿ, ಪ್ರತಿಯೊಂದರ ಮುಂದೆ ಅದರ ಇತಿಹಾಸದ ಚಿಕ್ಕ ಫಲಕ ಹಾಕಲಿ, ಅಗಲೀಕರಣದಲ್ಲಿ ಜಾಗ ಕಳೆದುಕೊಳ್ಳುವವರಿಗೆ ಅದೇ ಬೀದಿಯಲ್ಲಿ ಪಾಲಿಕೆಯ ಮಳಿಗೆಯನ್ನು ಆದ್ಯತೆಯ ಮೇಲೆ ಕೊಡಲಿ. ಕಾಲೇಜುಗಳ ಇತಿಹಾಸ ವಿಭಾಗಗಳು ಹಳೆಯ ದೋಸೆ ಹಾಕುವವರ ಮಾತುಗಳನ್ನು ಧ್ವನಿಮುದ್ರಿಸಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಆ ಹಿರಿಯರು ಇನ್ನೂ ಕಾವಲಿಯ ಮುಂದೆ ನಿಲ್ಲುತ್ತಿರುವಾಗಲೇ ಶುರುವಾಗಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ದಾವಣಗೆರೆ